ಸಾಸಿವೆ ಡಬ್ಬಿಯಿಂದ ಕ್ರೆಡಿಟ್ ಕಾರ್ಡಿನವರೆಗೆ

ಸಾಲಕ್ಕೆ ನಮ್ಮಲ್ಲಿ ಹೆಸರುಗಳು ಹಲವು. ನೆರೆಮನೆಯವರಿಂದ ಎರಡು ದಿನದ ಮಟ್ಟಿಗೆ ಪಡೆದರೆ ಅದು ಕೈಗಡ. ದಿನಸಿ ಅಂಗಡಿಯಲ್ಲಿ ಬರೆಸಿ ತಂದರೆ ಉದ್ರಿ. ಒಡವೆಯನ್ನೋ ಹಿತ್ತಾಳೆ ಪಾತ್ರೆಯನ್ನೋ ಇಟ್ಟು ತಂದರೆ ಗಿರವಿ. ಹೊಲ ಮನೆಯ ಮೇಲೆ ತಂದರೆ ಅಡಮಾನ. ಹತ್ತಾರು ಮಂದಿ ತಿಂಗಳು ತಿಂಗಳು ಹಣ ಹಾಕಿ ಸರದಿಯಂತೆ ಎತ್ತಿಕೊಂಡರೆ ಚೀಟಿ. ಮದುವೆಯಲ್ಲಿ ಬಂದ ಉಡುಗೊರೆ ಕೂಡ ಒಂದು ಬಗೆಯ ಸಾಲವೇ. ಅದರ ಹೆಸರು ಮುಯ್ಯಿ. ಯಾರು ಎಷ್ಟು ಕೊಟ್ಟರೆಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಯಲ್ಲಿ ಹಿಂದಿರುಗಿಸಬೇಕು.

ಈ ಹೆಸರುಗಳಿಗೆಲ್ಲ ಒಂದು ಸಮಾನ ಗುಣವಿದೆ. ಸಾಲ ಯಾರದು, ಯಾವ ನಂಬಿಕೆಯ ಮೇಲೆ ಬಂದದ್ದು, ಯಾವಾಗ ತೀರಬೇಕು ಎಂಬುದನ್ನು ಹೆಸರೇ ಹೇಳುತ್ತದೆ. ಕ್ರೆಡಿಟ್ ಕಾರ್ಡಿನ ಸಾಲಕ್ಕೆ ಮಾತ್ರ ಕನ್ನಡದಲ್ಲಿ ಇನ್ನೂ ಒಂದು ಹೆಸರು ಹುಟ್ಟಿಲ್ಲ. ಅದನ್ನು ಬಳಸುವವರು ‘ಸಾಲ ಮಾಡಿದೆ’ ಎನ್ನುವುದಿಲ್ಲ, ‘ಕಾರ್ಡ್ ಉಜ್ಜಿದೆ’ ಎನ್ನುತ್ತಾರೆ. ಹೆಸರಿಲ್ಲದ ಈ ಸಾಲ ದುಡಿಯುವ ಯುವ ದಂಪತಿಗಳ ಮನೆಗೆ ಹೇಗೆ ಬರುತ್ತದೆ? ಬಂದ ಮೇಲೆ ಅದನ್ನು ಹೊರಗೆ ಕಳಿಸುವುದು ಹೇಗೆ? ಎರಡನೆಯ ಪ್ರಶ್ನೆಗೆ ಉತ್ತರ ಹೊಸದೇನಲ್ಲ. ನಮ್ಮ ಅಜ್ಜಿಯಂದಿರ ಅಡುಗೆಮನೆಯ ಕಪಾಟಿನಲ್ಲಿ ಅದು ಇತ್ತು.

ಉದ್ರಿ ಪುಸ್ತಕದ ಕಡಿವಾಣ

ಉದ್ರಿ ಸಾಲದಲ್ಲಿ ಸಾಲಗಾರನನ್ನು ತಡೆಯುವ ವ್ಯವಸ್ಥೆ ಸಾಲದ ಒಳಗೇ ಇತ್ತು. ಅಂಗಡಿಯವರ ಬಳಿ ಒಂದು ಪುಸ್ತಕ, ಮನೆಯಲ್ಲಿ ಇನ್ನೊಂದು ಚಿಕ್ಕ ಪುಸ್ತಕ. ತೊಗರಿಬೇಳೆ ಒಂದು ಕಿಲೋ ಎಂದು ಬರೆಯುವಾಗ ಅಂಗಡಿಯವರು ಹಿಂದಿನ ಬಾಕಿಯನ್ನೂ ಒಮ್ಮೆ ನೋಡುತ್ತಿದ್ದರು. ಬಾಕಿ ಬೆಳೆದರೆ ‘ಸ್ವಾಮಿ, ಈ ಸಲ ಸ್ವಲ್ಪ ನೋಡಿ’ ಎಂಬ ಮಾತು ಬರುತ್ತಿತ್ತು. ಆ ಮಾತು ಕೇಳಬಾರದೆಂದೇ ಮನೆಯವರು ಕೈ ಬಿಗಿ ಹಿಡಿಯುತ್ತಿದ್ದರು. ಕೊಡುವವನಿಗೂ ಮಿತಿ ಇತ್ತು. ಅವನು ಮಂಡಿಯಲ್ಲಿ ನಗದು ಕೊಟ್ಟು ಮಾಲು ತರಬೇಕು. ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ಅದಕ್ಕೇ ತೂಗುತ್ತಿತ್ತು.

ಈ ವ್ಯವಸ್ಥೆಯನ್ನು ಹಾಡಿ ಹೊಗಳಬೇಕಾಗಿಲ್ಲ. ಬಡವನಿಗೆ ಅಂಗಡಿಯವನ ದರವೇ ಗತಿ, ಸಾಹುಕಾರನ ಬಡ್ಡಿಯಲ್ಲಿ ಹೊಲ ಕಳೆದುಕೊಂಡವರ ಕಥೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೂ ಒಂದು ಮಾತು ನಿಜ. ಖರ್ಚು ಮಾಡುವ ಗಳಿಗೆಯಲ್ಲೇ ಸಾಲದ ಒಟ್ಟು ಮೊತ್ತ ಕಣ್ಣಿಗೆ ಬೀಳುತ್ತಿತ್ತು. ಕಾರ್ಡು ಮಾಡಿದ ದೊಡ್ಡ ಬದಲಾವಣೆಯೆಂದರೆ ಈ ಎರಡನ್ನೂ ಬೇರ್ಪಡಿಸಿದ್ದು. ಖರ್ಚು ಇಂದು, ಅದರ ನೋವು ನಲವತ್ತು ದಿನ ಕಳೆದ ಮೇಲೆ.

ಇದು ಬರೀ ಊಹೆಯಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಎಂಬ ಪ್ರಾಧ್ಯಾಪಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಟದ ಟಿಕೆಟುಗಳನ್ನು ವಿದ್ಯಾರ್ಥಿಗಳ ಮುಂದೆ ಹರಾಜಿಗಿಟ್ಟಿದ್ದರು. ಕೆಲವರಿಗೆ ನಗದು ಕೊಡಬೇಕೆಂದೂ ಉಳಿದವರಿಗೆ ಕಾರ್ಡಿನಲ್ಲಿ ಕೊಡಬೇಕೆಂದೂ ಹೇಳಲಾಗಿತ್ತು. ಅದೇ ಟಿಕೆಟಿಗೆ ಕಾರ್ಡಿನವರು ಕೂಗಿದ ಬೆಲೆ ನಗದಿನವರದಕ್ಕಿಂತ ಬಹಳ ಹೆಚ್ಚು, ಕೆಲವು ಕಡೆ ಎರಡರಷ್ಟು.

ಫ್ರೆಸ್ನೊದಿಂದ ಬಂದ ಅಂಚೆ

ನ್ಯೂಯಾರ್ಕಿನಲ್ಲಿ 1950ರಲ್ಲಿ ಆರಂಭವಾದ ಡೈನರ್ಸ್ ಕ್ಲಬ್ ಕಾರ್ಡನ್ನು ಈ ಕಥೆಯ ಮೊದಲ ಅಧ್ಯಾಯವೆನ್ನುವುದು ವಾಡಿಕೆ. ಆದರೆ ಅದು ಹೋಟೆಲಿನ ಉದ್ರಿ ಪುಸ್ತಕದ ದೊಡ್ಡ ರೂಪ ಮಾತ್ರ. ತಿಂಗಳ ಕೊನೆಯಲ್ಲಿ ಬಿಲ್ಲನ್ನು ಪೂರ್ತಿ ಕಟ್ಟಲೇಬೇಕಿತ್ತು. ನಿಜವಾದ ತಿರುವು 1958ರದು. ಆ ವರ್ಷ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕ, ಕ್ಯಾಲಿಫೋರ್ನಿಯದ ಫ್ರೆಸ್ನೊ ಪಟ್ಟಣದ ಸುಮಾರು 60,000 ಮಂದಿಗೆ ಅವರು ಕೇಳದಿದ್ದರೂ ಕಾರ್ಡುಗಳನ್ನು ಅಂಚೆಯಲ್ಲಿ ಕಳಿಸಿತು. ಅದೇ ಮುಂದೆ ‘ವೀಸಾ’ ಆಯಿತು. ಬಿಲ್ಲನ್ನು ಪೂರ್ತಿ ಕಟ್ಟಬೇಕಾಗಿಲ್ಲ, ಸ್ವಲ್ಪ ಕಟ್ಟಿ ಉಳಿದದ್ದನ್ನು ಬಡ್ಡಿಯೊಂದಿಗೆ ಮುಂದಕ್ಕೆ ಒಯ್ಯಬಹುದು ಎಂಬುದು ಇದರ ಹೊಸತನ. ಸಾಲಕ್ಕೆ ಇದ್ದ ‘ತೀರುವ ದಿನ’ ಅಲ್ಲಿಗೆ ಕಣ್ಮರೆಯಾಯಿತು. ಕೇಳದವರಿಗೆ ಕಾರ್ಡು ಕಳಿಸುವ ಪದ್ಧತಿಯಿಂದ ಎಷ್ಟು ರಗಳೆಯಾಯಿತೆಂದರೆ ಅಮೆರಿಕದ ಸಂಸತ್ತು 1970ರಲ್ಲಿ ಅದನ್ನು ಕಾನೂನಿನ ಮೂಲಕ ನಿಲ್ಲಿಸಬೇಕಾಯಿತು.

ಭಾರತಕ್ಕೆ ಡೈನರ್ಸ್ ಕ್ಲಬ್ ಬಂದದ್ದು 1961ರಲ್ಲಿ. ಆಗ ಅದು ಉದ್ಯಮಿಗಳ, ವಿಮಾನದಲ್ಲಿ ಓಡಾಡುವವರ ವಸ್ತು. ಬ್ಯಾಂಕುಗಳ ಪೈಕಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ 1980ರಲ್ಲಿ ಕಾರ್ಡು ಹೊರತಂದಿತು. ಉದಾರೀಕರಣದ ನಂತರ ವಿದೇಶಿ ಮತ್ತು ಖಾಸಗಿ ಬ್ಯಾಂಕುಗಳು ಅದನ್ನು ಸಂಬಳದಾರರ ಮನೆಬಾಗಿಲಿಗೆ ತಂದವು. 2024ರಲ್ಲಿ ದೇಶದ ಚಲಾವಣೆಯ ಕ್ರೆಡಿಟ್ ಕಾರ್ಡುಗಳ ಸಂಖ್ಯೆ ಹತ್ತು ಕೋಟಿ ದಾಟಿತು. ಅರ್ಜಿಯಿಲ್ಲದೆ ಕಾರ್ಡು ಕೊಡಕೂಡದು ಎಂದು ನಮ್ಮ ರಿಸರ್ವ್ ಬ್ಯಾಂಕ್ 2022ರ ನಿರ್ದೇಶನದಲ್ಲಿ ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿತು. ಫ್ರೆಸ್ನೊದ ಪಾಠ ನಮಗೂ ಬೇಕಾಯಿತೆಂದು ಅರ್ಥ.

ಕನಿಷ್ಠ ಮೊತ್ತವೆಂಬ ಮಾಯೆ

ಕಾರ್ಡಿನ ಬಿಲ್ಲಿನಲ್ಲಿ ಎರಡು ಅಂಕಿಗಳಿರುತ್ತವೆ. ಒಂದು, ಕಟ್ಟಬೇಕಾದ ಒಟ್ಟು ಮೊತ್ತ. ಇನ್ನೊಂದು, ಕಟ್ಟಬಹುದಾದ ಕನಿಷ್ಠ ಮೊತ್ತ. ಎರಡನೆಯದು ಸಾಮಾನ್ಯವಾಗಿ ಬಾಕಿಯ ಶೇ 5ರ ಆಸುಪಾಸು. ಅಷ್ಟು ಕಟ್ಟಿದರೆ ವಿಳಂಬ ಶುಲ್ಕವಿಲ್ಲ, ಫೋನ್ ಕರೆಗಳಿಲ್ಲ. ಕಟ್ಟಿದವರು ‘ಈ ತಿಂಗಳಿನದು ಮುಗಿಯಿತು’ ಎಂದು ನೆಮ್ಮದಿಯಿಂದ ಮಲಗುತ್ತಾರೆ. ಮುಗಿದದ್ದು ಏನೆಂದು ಲೆಕ್ಕ ಹಾಕಿ ನೋಡೋಣ.

ನಮ್ಮಲ್ಲಿ ಕಾರ್ಡಿನ ಬಾಕಿಗೆ ಸಾಮಾನ್ಯವಾಗಿ ತಿಂಗಳಿಗೆ ಶೇ 3ರಿಂದ 4ರ ಒಳಗೆ ಬಡ್ಡಿ ಬೀಳುತ್ತದೆ. ಶೇ 3.5 ಎಂದು ಇಟ್ಟುಕೊಂಡರೆ ವರ್ಷಕ್ಕೆ 42. ಈ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ ಬೇರೆ. ಗೃಹಸಾಲದ ಬಡ್ಡಿಗಿರುವ ವಿನಾಯಿತಿ ಕಾರ್ಡಿನ ಬಡ್ಡಿಗಿಲ್ಲ. ಎರಡೂ ಸೇರಿದರೆ ತಿಂಗಳಿಗೆ ಶೇ 4.13.

ಒಂದು ಮನೆಯ ಕಾರ್ಡ್ ಸಾಲ ರೂ. 1,60,000 ಎನ್ನೋಣ. ತಿಂಗಳಿಗೆ ಬಡ್ಡಿ ಮತ್ತು ತೆರಿಗೆ ಸೇರಿ ರೂ. 6,608. ಕನಿಷ್ಠ ಮೊತ್ತವೆಂದು ರೂ. 8,000 ಕಟ್ಟಿದರೆ ಅಸಲಿಗೆ ಸಲ್ಲುವುದು ಬರೀ ರೂ. 1,392. ಬಾಕಿ ಇಳಿದಂತೆ ಕನಿಷ್ಠ ಮೊತ್ತವೂ ಇಳಿಯುವುದರಿಂದ ಸಾಲ ಕರಗುವ ವೇಗ ಇನ್ನೂ ತಗ್ಗುತ್ತದೆ. ಹೀಗೆ ಪ್ರತಿ ತಿಂಗಳೂ ತಪ್ಪದೆ ಬಾಕಿಯ ಶೇ 5ರಷ್ಟು ಕಟ್ಟುತ್ತ ಹೋದರೆ, ಒಂದು ರೂಪಾಯಿಯ ಹೊಸ ಖರ್ಚು ಮಾಡದಿದ್ದರೂ, ಸಾಲ ಅರ್ಧಕ್ಕೆ ಇಳಿಯಲು ಆರೂವರೆ ವರ್ಷ ಬೇಕು. ಅಷ್ಟರಲ್ಲಿ ಕಟ್ಟಿದ ಹಣ ನಾಲ್ಕೂವರೆ ಲಕ್ಷ ದಾಟಿರುತ್ತದೆ. ಎಂಬತ್ತು ಸಾವಿರ ಬಾಕಿ ಹಾಗೇ ಕುಳಿತಿರುತ್ತದೆ.

ಇದರ ಜೊತೆಗೆ ಬಹಳ ಮಂದಿಗೆ ತಿಳಿಯದ ಇನ್ನೊಂದು ನಿಯಮವಿದೆ. ನಲವತ್ತೈದು, ಐವತ್ತು ದಿನ ಬಡ್ಡಿಯಿಲ್ಲ ಎಂಬ ಸವಲತ್ತು ಬಿಲ್ಲನ್ನು ಪೂರ್ತಿ ಕಟ್ಟಿದವರಿಗೆ ಮಾತ್ರ. ಹಳೆಯ ಬಾಕಿ ಉಳಿಸಿಕೊಂಡವರು ಇಂದು ಹಾಲಿನ ಪುಡಿ ಕೊಂಡರೂ ಅದಕ್ಕೆ ಇಂದಿನಿಂದಲೇ ಬಡ್ಡಿ. ಕಾರ್ಡಿನಿಂದ ನಗದು ತೆಗೆದರಂತೂ ಶುಲ್ಕವೂ ಉಂಟು, ಮೊದಲ ದಿನದಿಂದ ಬಡ್ಡಿಯೂ ಉಂಟು. ಕನಿಷ್ಠ ಮೊತ್ತ ಮಾತ್ರ ಕಟ್ಟಿದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಎಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲಿ ಅಚ್ಚು ಹಾಕಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಆದರೆ ಬಿಲ್ಲನ್ನು ಪೂರ್ತಿ ಓದುವವರು ಕಡಿಮೆ.

ಕೌಟಿಲ್ಯನ ದರ, ಕೋರ್ಟಿನ ತೀರ್ಪು

ಬಡ್ಡಿ ಎಷ್ಟಿರಬೇಕು ಎಂಬ ಚರ್ಚೆ ನಮ್ಮಲ್ಲಿ ಬಹು ಹಳೆಯದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತ ತಾಳೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೆಂದೇ ಒಂದು ಪ್ರಕರಣವಿದೆ. ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮಸಮ್ಮತ. ವ್ಯಾಪಾರದ ಸಾಲಕ್ಕೆ ಐದು. ಕಾಡು ದಾಟಿ ಸರಕು ಸಾಗಿಸುವವರಿಗೆ ಹತ್ತು. ಸಮುದ್ರಕ್ಕೆ ಇಳಿಯುವವರಿಗೆ ಇಪ್ಪತ್ತು. ಅಪಾಯ ಹೆಚ್ಚಿದಂತೆ ಬಡ್ಡಿ ಹೆಚ್ಚುತ್ತದೆ; ಲಾಭ ತರುವ ಸಾಲಕ್ಕೆ ಹೆಚ್ಚು, ಮನೆಯ ಅಗತ್ಯದ ಸಾಲಕ್ಕೆ ಕಡಿಮೆ. ಇಂದಿನ ಕಾರ್ಡಿನ ಶೇ 4.13 ಆ ಪಟ್ಟಿಯಲ್ಲಿ ಎಲ್ಲಿ ನಿಲ್ಲುತ್ತದೆಂದು ಓದುಗರೇ ನೋಡಬಹುದು. ಮಗುವಿನ ಬಟ್ಟೆ, ಭಾನುವಾರದ ಊಟ, ಹೊಸ ಮಿಕ್ಸಿ, ಇವುಗಳಿಗೆ ನಾವು ಕೊಡುತ್ತಿರುವುದು ಹೆಚ್ಚುಕಡಿಮೆ ವರ್ತಕನ ಬಡ್ಡಿ. ವರ್ತಕನಿಗೆ ಸರಕು ಮಾರಿ ಲಾಭ ಬರುತ್ತದೆ. ತಿಂದ ಊಟದಿಂದ ಲಾಭ ಬರುವುದಿಲ್ಲ.

ಮನುಸ್ಮೃತಿಯೂ ಒಂದೂಕಾಲರ ದರವನ್ನೇ ಹೇಳಿ, ಒಂದೇ ಬಾರಿಗೆ ವಸೂಲು ಮಾಡುವ ಮೊತ್ತ ಅಸಲಿನ ಇಮ್ಮಡಿ ಮೀರಬಾರದೆಂಬ ಮಿತಿ ಹಾಕಿತು. ಇದೇ ಮುಂದೆ ‘ದಾಮ್‌ದುಪಟ್’ ಎಂಬ ಹೆಸರಿನಲ್ಲಿ ಬ್ರಿಟಿಷರ ಕಾಲದ ಮುಂಬೈ ಪ್ರಾಂತ್ಯದ ನ್ಯಾಯಾಲಯಗಳಲ್ಲೂ ಚಾಲ್ತಿಯಲ್ಲಿತ್ತು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಅಂದರೆ ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಅಸಲು, ಬಡ್ಡಿ, ಕಾಲ ಇವುಗಳ ಲೆಕ್ಕಗಳು ಸಾಲುಸಾಲಾಗಿ ಬರುತ್ತವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಬಡ್ಡಿಯ ಲೆಕ್ಕ ಕಲಿಯುವುದು ಪಂಡಿತರ ವಿನೋದವಾಗಿರಲಿಲ್ಲ. ಬದುಕಲು ಬೇಕಾದ ವಿದ್ಯೆಯಾಗಿತ್ತು.

ಈ ಕಾಲದಲ್ಲಿ ಕಾರ್ಡಿನ ಬಡ್ಡಿಗೆ ಮಿತಿಯಿದೆಯೇ? ವರ್ಷಕ್ಕೆ ಶೇ 30 ಮೀರಿದ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪು ಕೊಟ್ಟಿತ್ತು. ಬ್ಯಾಂಕುಗಳು ಮೇಲ್ಮನವಿ ಹೋದವು. ಆಯೋಗಕ್ಕೆ ಆ ಅಧಿಕಾರವಿಲ್ಲವೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಆ ತೀರ್ಪನ್ನು ರದ್ದುಪಡಿಸಿತು. ಆದ್ದರಿಂದ ಕಾನೂನು ಬಂದು ಬಡ್ಡಿಯನ್ನು ಇಳಿಸುತ್ತದೆಂದು ಕಾಯುತ್ತ ಕೂಡುವ ಹಾಗಿಲ್ಲ. ಮಿತಿಯನ್ನು ಮನೆಯೊಳಗೇ ಕಟ್ಟಿಕೊಳ್ಳಬೇಕು.

ಚರ್ಮದ ಚೀಲ, ಸಾಸಿವೆ ಡಬ್ಬಿ

‘ಬಜೆಟ್’ ಎಂಬ ಮಾತು ಹುಟ್ಟಿದ್ದು ಹಳೆಯ ಫ್ರೆಂಚಿನ ‘ಬೂಜೆತ್’ ಎಂಬ ಪದದಿಂದ. ಅದರ ಅರ್ಥ ಚಿಕ್ಕ ಚರ್ಮದ ಚೀಲ. ಹದಿನೆಂಟನೆಯ ಶತಮಾನದಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿ ಲೆಕ್ಕಪತ್ರ ಮಂಡಿಸುವುದಕ್ಕೆ ‘ಚೀಲ ಬಿಚ್ಚುವುದು’ ಎಂಬ ಮಾತು ರೂಢಿಗೆ ಬಂದು, ಕ್ರಮೇಣ ಚೀಲದ ಹೆಸರೇ ಆಯವ್ಯಯಕ್ಕೆ ನಿಂತಿತು. ನಮ್ಮ ಮನೆಗಳಲ್ಲಿ ಚೀಲದ ಬದಲು ಡಬ್ಬಿಗಳಿದ್ದವು. ಸಾಸಿವೆ ಡಬ್ಬಿಯಲ್ಲಿ ಕಷ್ಟಕಾಲದ ಹಣ, ದೇವರ ಮನೆಯ ಹುಂಡಿಯಲ್ಲಿ ಹರಕೆಯ ಹಣ, ಬೀರುವಿನ ಸೀರೆ ಮಡಿಕೆಯಲ್ಲಿ ಮಗಳ ಹಬ್ಬದ ಹಣ. ಒಂದರದು ಇನ್ನೊಂದಕ್ಕೆ ಸಲ್ಲದು. 2016ರ ನವೆಂಬರಿನಲ್ಲಿ ಐನೂರು, ಸಾವಿರದ ನೋಟುಗಳು ರದ್ದಾದಾಗ ಈ ಡಬ್ಬಿಗಳು ಎಷ್ಟು ಮನೆಗಳಲ್ಲಿದ್ದವೆಂಬುದು ಗಂಡಸರಿಗೂ ಗೊತ್ತಾಯಿತು.

ಅಮೆರಿಕದ ಸಮಾಜಶಾಸ್ತ್ರಜ್ಞೆ ವಿವಿಯಾನಾ ಜೆಲೈಜರ್ 1994ರಲ್ಲಿ ಬರೆದ ಪುಸ್ತಕದಲ್ಲಿ ಅಲ್ಲಿನ ಗೃಹಿಣಿಯರೂ ಹೀಗೆಯೇ ತಗಡಿನ ಡಬ್ಬಿ, ಲಕೋಟೆಗಳಲ್ಲಿ ಹಣವನ್ನು ಬೇರೆಬೇರೆಯಾಗಿ ಇಡುತ್ತಿದ್ದುದನ್ನು ವಿವರಿಸಿದ್ದಾರೆ. ಜಪಾನಿನಲ್ಲಿ ಹಾನಿ ಮೊತೊಕೊ ಎಂಬ ಪತ್ರಕರ್ತೆ 1904ರಲ್ಲಿ ‘ಕಾಕೆಯ್ಬೊ’ ಎಂಬ ಮನೆಲೆಕ್ಕದ ಪುಸ್ತಕವನ್ನು ಹೊರತಂದರು. ಖರ್ಚಾದ ಮೇಲೆ ಬರೆಯುವುದು ಜಮಾಖರ್ಚು. ಖರ್ಚಿಗೆ ಮೊದಲೇ ಹಂಚಿಡುವುದು ಬಜೆಟ್. ಡಬ್ಬಿಯಲ್ಲಿ ಹಣ ಮುಗಿದರೆ ಖರ್ಚೂ ಮುಗಿಯಿತು. ಡಬ್ಬಿಯ ಈ ತಳವನ್ನೇ ಕಾರ್ಡು ತೆಗೆದುಹಾಕಿದ್ದು.

ಒಂದು ಮನೆಯ ಲೆಕ್ಕ

ಉದಾಹರಣೆಗೆ ಬೆಂಗಳೂರಿನ ಒಂದು ಬಾಡಿಗೆ ಮನೆ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ, ಮೂರು ವರ್ಷದ ಮಗು. ಇಬ್ಬರಿಗೂ ಕೈಗೆ ಬರುವುದು ಸೇರಿ ರೂ. 72,000. ಎರಡು ಕಾರ್ಡುಗಳು, ಒಂದರಲ್ಲಿ ರೂ. 1,10,000, ಇನ್ನೊಂದರಲ್ಲಿ ರೂ. 50,000 ಬಾಕಿ. ಇವರು ದುಂದುಗಾರರಲ್ಲ. ಮಗು ಹುಟ್ಟಿದಾಗಿನ ಆಸ್ಪತ್ರೆ ಖರ್ಚು, ಮನೆ ಬದಲಿಸಿದಾಗಿನ ಮುಂಗಡ, ತಂಗಿಯ ಮದುವೆ, ಹೀಗೆ ಶುರುವಾದ ಬಾಕಿ ತೀರಲೇ ಇಲ್ಲ.

ಮೊದಲ ಕೆಲಸ, ಮೂವತ್ತು ದಿನ ಎಲ್ಲವನ್ನೂ ಬರೆಯುವುದು. ಹತ್ತು ರೂಪಾಯಿಯ ಕಾಫಿಯೂ ಪುಸ್ತಕಕ್ಕೆ ಬರಬೇಕು. ಫೋನಿನಲ್ಲಿ ಕ್ಷಣದಲ್ಲಿ ಹಣ ಕಳಿಸುವ ಈ ದಿನಗಳಲ್ಲಿ ಸೋರುವುದು ಹೆಚ್ಚಾಗಿ ಚಿಲ್ಲರೆಯಲ್ಲೇ. ಬರೆದಾಗ ಅವರಿಗೆ ಕಂಡದ್ದಿದು: ಬಾಡಿಗೆ ರೂ. 18,000, ದಿನಸಿ, ಹಾಲು, ತರಕಾರಿ, ಗ್ಯಾಸ್ 13,000, ಮಗುವಿನ ಶಿಶುವಿಹಾರ 7,000, ವಿದ್ಯುತ್, ನೀರು, ಫೋನ್ 3,500, ಓಡಾಟ 5,000, ಊರಿನಲ್ಲಿರುವ ಅಪ್ಪ ಅಮ್ಮನಿಗೆ 5,000, ಸ್ಕೂಟರಿನ ಕಂತು 3,500, ವಿಮೆ ಮತ್ತು ಔಷಧಿ 3,000. ಒಟ್ಟು ರೂ. 58,000. ಇದರ ಮೇಲೆ ಹೊರಗಿನ ಊಟ, ಮನೆಗೆ ತರಿಸುವ ತಿಂಡಿ, ಆನ್‌ಲೈನ್ ಖರೀದಿ ಸೇರಿ 13,000. ಮದುವೆ, ಹಬ್ಬ, ನೆಂಟರು 4,000. ಕಾರ್ಡಿನ ಕನಿಷ್ಠ ಮೊತ್ತ 8,000. ಎಲ್ಲ ಸೇರಿ 83,000. ಸಂಬಳಕ್ಕಿಂತ ಹನ್ನೊಂದು ಸಾವಿರ ಹೆಚ್ಚು. ಆ ಹನ್ನೊಂದು ಸಾವಿರ ಮತ್ತೆ ಕಾರ್ಡಿಗೇ ಹೋಗುತ್ತಿತ್ತು. ಒಂದು ಕೈಯಲ್ಲಿ ಎಂಟು ಸಾವಿರ ಕಟ್ಟಿ ಇನ್ನೊಂದು ಕೈಯಲ್ಲಿ ಹನ್ನೊಂದು ಸಾವಿರ ಸಾಲ ಮಾಡುವ ಈ ಆಟ ಬರೆಯುವವರೆಗೆ ಕಾಣುವುದಿಲ್ಲ.

ಎರಡನೆಯ ಕೆಲಸ, ಕಾರ್ಡುಗಳನ್ನು ನಿಲ್ಲಿಸುವುದು. ಪರ್ಸಿನಿಂದ ತೆಗೆದರೆ ಸಾಲದು. ಫೋನಿನಲ್ಲೂ ಖರೀದಿಯ ತಾಣಗಳಲ್ಲೂ ಉಳಿಸಿಟ್ಟ ಕಾರ್ಡಿನ ವಿವರವನ್ನು ಅಳಿಸಬೇಕು. ಸೋರುವ ನಲ್ಲಿ ನಿಲ್ಲಿಸದೆ ನೆಲ ಒರೆಸಿ ಫಲವಿಲ್ಲ.

ಮೂರನೆಯದು ಹಂಚಿಕೆ. ಬಾಡಿಗೆ, ಮಗುವಿನ ಶುಲ್ಕ, ಕಂತು ಇವನ್ನು ಮುಟ್ಟುವಂತಿಲ್ಲ. ಹೊರಗಿನ ಊಟ ಮತ್ತು ಖರೀದಿಯನ್ನು 13,000ದಿಂದ 3,000ಕ್ಕೆ ಇಳಿಸಿದರು. ಓಡಾಟದಲ್ಲಿ ಸಾವಿರ, ಫೋನು ಇಂಟರ್ನೆಟ್ಟಿನಲ್ಲಿ ಐನೂರು ಉಳಿಯಿತು. ಮದುವೆ ಹಬ್ಬಗಳಿಗೆ ತಿಂಗಳಿಗೆ ರೂ. 2,500 ಬೇರೆ ಡಬ್ಬಿ. ಹೊಸ ಒಟ್ಟು ರೂ. 62,000. ಉಳಿದ ಹತ್ತು ಸಾವಿರ ಸಾಲಕ್ಕೆ, ಸಂಬಳ ಬಂದ ದಿನವೇ. ತಿಂಗಳ ಕೊನೆಯಲ್ಲಿ ಉಳಿದದ್ದನ್ನು ಕಟ್ಟುತ್ತೇನೆಂದರೆ ಏನೂ ಉಳಿಯುವುದಿಲ್ಲ.

ಇಲ್ಲಿ ಲೆಕ್ಕ ಮತ್ತೊಂದು ಪಾಠ ಹೇಳುತ್ತದೆ. ಹತ್ತು ಸಾವಿರದಂತೆ ಕಾರ್ಡಿಗೇ ಕಟ್ಟುತ್ತ ಹೋದರೆ ಸಾಲ ತೀರಲು ಇಪ್ಪತ್ತೇಳು ತಿಂಗಳು, ಬಡ್ಡಿಯೇ ಒಂದು ಲಕ್ಷದ ಮೇಲೆ. ಆದರೆ ಇವರ ಹೆಸರಿನಲ್ಲಿ ಬ್ಯಾಂಕಿನಲ್ಲಿ ರೂ. 50,000 ಠೇವಣಿ ಇದೆ. ‘ಅದು ಮಗುವಿನದು, ಮುಟ್ಟಬಾರದು’ ಎಂದು ಇಟ್ಟದ್ದು. ವರ್ಷಕ್ಕೆ ಶೇ 7 ತರುವ ಠೇವಣಿಯನ್ನು ಕಾಪಾಡಲು ಶೇ 42ರ ಬಡ್ಡಿ ಕೊಡುವುದು ಮಗುವಿಗೆ ಮಾಡಿದ ಉಪಕಾರವಲ್ಲ. ಹತ್ತು ಸಾವಿರವನ್ನು ಆಪತ್ತಿಗೆಂದು ಉಳಿಸಿ ನಲವತ್ತು ಸಾವಿರವನ್ನು ಸಾಲಕ್ಕೆ ಕಟ್ಟಿದರೆ ಬಾಕಿ 1,20,000. ಆಗ ಹದಿನೇಳು ತಿಂಗಳು ಸಾಕು, ಬಡ್ಡಿ ಸುಮಾರು ಐವತ್ತು ಸಾವಿರ. ಆ ಉಳಿದ ಬಾಕಿಯನ್ನು ಬ್ಯಾಂಕಿನ ಚಿನ್ನದ ಸಾಲಕ್ಕೆ ವರ್ಗಾಯಿಸಿದರೆ, ಅದರ ಬಡ್ಡಿ ವರ್ಷಕ್ಕೆ ಶೇ 12 ಎಂದಿಟ್ಟುಕೊಂಡರೆ, ಹದಿಮೂರು ತಿಂಗಳಲ್ಲಿ ಎಲ್ಲ ಮುಗಿಯುತ್ತದೆ. ಬಡ್ಡಿ ಎಂಟು ಒಂಬತ್ತು ಸಾವಿರ ಮಾತ್ರ. ಹಣ ಅದೇ ಹತ್ತು ಸಾವಿರ, ಶ್ರಮವೂ ಅದೇ. ಒಂದು ಲಕ್ಷಕ್ಕೂ ಒಂಬತ್ತು ಸಾವಿರಕ್ಕೂ ಇರುವ ಅಂತರ ಸಾಲದ ಜಾತಿಯದು.

ಗಿರವಿಯೆಂದರೆ ನಮ್ಮವರಿಗೆ ಅವಮಾನ. ಕಾರ್ಡಿನ ಬಾಕಿ ಯಾರಿಗೂ ಕಾಣುವುದಿಲ್ಲ, ಬರಿದಾದ ಕೊರಳು ಎಲ್ಲರಿಗೂ ಕಾಣುತ್ತದೆ. ಆದರೆ ಬಳೆ ಹದಿಮೂರು ತಿಂಗಳಿಗೆ ಮನೆಗೆ ಮರಳುತ್ತದೆ. ಬಡ್ಡಿಗೆ ಹೋದ ಹಣ ಮರಳುವುದಿಲ್ಲ. ಎಚ್ಚರ ವಹಿಸಬೇಕಾದದ್ದು ಬೇರೆ ಎರಡು ವಿಷಯಗಳಲ್ಲಿ. ಆಗಾಗ ಅಸಲು ಕಟ್ಟಲು ಅವಕಾಶವಿದೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಬೇಕು. ಖಾಲಿಯಾದ ಕಾರ್ಡನ್ನು ಮತ್ತೆ ಉಜ್ಜತೊಡಗಿದರೆ ಚಿನ್ನವೂ ಹೋಗಿ ಸಾಲವೂ ಎರಡಾಗುತ್ತದೆ.

ಠೇವಣಿಯೂ ಚಿನ್ನವೂ ಇಲ್ಲದವರು ಏನು ಮಾಡಬೇಕು? ಬಡ್ಡಿ ಹೆಚ್ಚಿರುವ ಕಾರ್ಡನ್ನು ಮೊದಲು ತೀರಿಸುವುದು ಗಣಿತದ ದಾರಿ. ಎರಡರ ಬಡ್ಡಿಯೂ ಒಂದೇ ಆದರೆ ಚಿಕ್ಕದನ್ನು ಮೊದಲು ಮುಗಿಸಬಹುದು. ಒಂದು ಖಾತೆ ಸೊನ್ನೆಯಾದದ್ದನ್ನು ನೋಡಿದರೆ ಉಳಿದದ್ದನ್ನು ಕಟ್ಟುವ ಧೈರ್ಯ ಬರುತ್ತದೆ. ಯಾವುದಕ್ಕೂ ಕನಿಷ್ಠ ಮೊತ್ತ ತಪ್ಪಿಸುವಂತಿಲ್ಲ. ಕಟ್ಟಲಾಗದ ಸ್ಥಿತಿಯಿದ್ದರೆ ಬ್ಯಾಂಕಿಗೆ ಬರೆದು ಕಂತಾಗಿ ಮಾರ್ಪಡಿಸಲು ಕೇಳಬೇಕು. ಅದರ ಬಡ್ಡಿ, ಶುಲ್ಕ, ತೆರಿಗೆ ಮೂರನ್ನೂ ಕೂಡಿ ನೋಡಬೇಕು. ವಸೂಲಿಗೆ ಬರುವವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಕೂಡದೆಂದೂ ಬೆದರಿಕೆ ಹಾಕಕೂಡದೆಂದೂ ರಿಸರ್ವ್ ಬ್ಯಾಂಕ್ 2022ರಲ್ಲಿ ಸುತ್ತೋಲೆ ಹೊರಡಿಸಿದೆ. ಆ ಭಯದಿಂದ ಮೀಟರ್ ಬಡ್ಡಿಯವರ ಬಳಿಗೆ ಓಡುವುದು ಬಾಣಲೆಯಿಂದ ಬೆಂಕಿಗೆ ಬಿದ್ದಂತೆ.

ಅಂಕಿಗಳ ಆಚೆಗೆ

ಬಜೆಟ್ ಮುರಿಯುವುದು ಸಾಮಾನ್ಯವಾಗಿ ಲೆಕ್ಕ ತಪ್ಪಿ ಅಲ್ಲ, ಸಂಕೋಚದಿಂದ. ಊರಿಗೆ ಕಳಿಸುವ ಐದು ಸಾವಿರವನ್ನು ನಮ್ಮ ಉದಾಹರಣೆಯ ದಂಪತಿಗಳು ಕಡಿಮೆ ಮಾಡಲಿಲ್ಲ. ದೇವಋಣ, ಋಷಿಋಣ, ಪಿತೃಋಣ ಎಂದು ಹಿರಿಯರು ಎಣಿಸಿದ ಋಣಗಳು ಕಟ್ಟಿ ಮುಗಿಸುವಂಥವಲ್ಲ, ನಡೆಸಿಕೊಂಡು ಹೋಗುವಂಥವು. ತೀರಿಸಬೇಕಾದ ಸಾಲವನ್ನೂ ನಡೆಸಬೇಕಾದ ಋಣವನ್ನೂ ಬೇರೆ ಮಾಡಿ ನೋಡುವುದೇ ಮನೆಯ ಬಜೆಟ್ಟಿನ ವಿವೇಕ. ಆದರೆ ಅದೇ ಹೆಸರಿನಲ್ಲಿ ಪ್ರತಿ ಮದುವೆಗೂ ಶಕ್ತಿ ಮೀರಿ ಮುಯ್ಯಿ ಮಾಡುವುದು, ನಾಮಕರಣಕ್ಕೆ ಛತ್ರ ಹಿಡಿಯುವುದು ಋಣವಲ್ಲ, ಪ್ರತಿಷ್ಠೆ. ‘ಈ ವರ್ಷ ನಮಗೆ ಕಷ್ಟ’ ಎಂದು ಹೇಳುವ ಧೈರ್ಯವೂ ಬಜೆಟ್ಟಿನ ಒಂದು ಬಾಬ್ತು.

ಅದಕ್ಕಿಂತ ದೊಡ್ಡ ಸಂಕೋಚ ಗಂಡ ಹೆಂಡತಿಯ ನಡುವಿನದು. ಸಾಸಿವೆ ಡಬ್ಬಿಯಲ್ಲಿ ಗುಟ್ಟಾಗಿ ಇಡುತ್ತಿದ್ದದ್ದು ಉಳಿತಾಯ. ಈಗ ಗುಟ್ಟಾಗಿರುವುದು ಸಾಲ. ಕಾಗದದ ಬಿಲ್ಲು ಮನೆಗೆ ಬರುವುದು ನಿಂತ ಮೇಲೆ ಒಬ್ಬರ ಕಾರ್ಡಿನ ಬಾಕಿ ಇನ್ನೊಬ್ಬರಿಗೆ ತಿಳಿಯುವುದೇ ಇಲ್ಲ. ವಸೂಲಿಯವರ ಫೋನು ಬಂದ ದಿನ ತಿಳಿದರೆ ಅಲ್ಲಿ ಮುರಿಯುವುದು ಹಣದ ಲೆಕ್ಕವೊಂದೇ ಅಲ್ಲ. ಆದ್ದರಿಂದ ತಿಂಗಳಿಗೊಮ್ಮೆ, ಸಂಬಳ ಬಂದ ವಾರದಲ್ಲಿ, ಇಬ್ಬರೂ ಪುಸ್ತಕ ಹಿಡಿದು ಅರ್ಧ ಗಂಟೆ ಕೂಡಬೇಕು. ಯಾರ ಖರ್ಚು ಯಾರದೆಂಬ ವಿಚಾರಣೆ ಬೇಡ. ಬಾಕಿ ಎಷ್ಟಿತ್ತು, ಎಷ್ಟಾಯಿತು, ಮುಂದಿನ ತಿಂಗಳು ಯಾವ ಹಬ್ಬ, ಯಾರ ಮದುವೆ, ಇಷ್ಟು ಸಾಕು. ಇಬ್ಬರಿಗೂ ಲೆಕ್ಕ ಕೇಳದ ಒಂದಿಷ್ಟು ಕೈಖರ್ಚು ಇರಲಿ. ಉಸಿರಾಡಲು ಜಾಗವಿಲ್ಲದ ಬಜೆಟ್ ಮೂರು ತಿಂಗಳು ದಾಟುವುದಿಲ್ಲ.

ಸಾಲ ತೀರಿದ ಮೇಲೆ ಕಾರ್ಡನ್ನು ಏನು ಮಾಡಬೇಕು ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಪ್ರತಿ ತಿಂಗಳೂ ಬಿಲ್ಲನ್ನು ಪೂರ್ತಿ ಕಟ್ಟುವವರಿಗೆ ಅದು ಅನುಕೂಲದ ಸಾಧನವೇ. ಕಟ್ಟಲಾಗದೆಂದು ತಮ್ಮನ್ನು ತಾವು ಬಲ್ಲವರು ಅದನ್ನು ರದ್ದು ಮಾಡಿಸಬಹುದು. ಬಾಕಿಯಿಲ್ಲದ ಕಾರ್ಡನ್ನು ಕೋರಿಕೆ ಬಂದ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ ರೂ. 500ರಂತೆ ಗ್ರಾಹಕರಿಗೆ ದಂಡ ಕೊಡಬೇಕು ಎಂದು 2022ರ ನಿರ್ದೇಶನ ಹೇಳುತ್ತದೆ.

ಇಷ್ಟಾದರೂ ಮುಖ್ಯವಾದದ್ದು ಹದಿನಾಲ್ಕನೆಯ ತಿಂಗಳು. ಸಾಲಕ್ಕೆ ಹೋಗುತ್ತಿದ್ದ ಹತ್ತು ಸಾವಿರ ಆ ತಿಂಗಳು ಮೊದಲ ಬಾರಿಗೆ ಮನೆಯಲ್ಲೇ ಉಳಿಯುತ್ತದೆ. ಅಷ್ಟು ಹಣವಿಲ್ಲದೆ ಬದುಕಲು ಮನೆ ಈಗಾಗಲೇ ಕಲಿತಿದೆ. ಅದನ್ನು ಹಾಗೇ ಡಬ್ಬಿಗೆ ಹಾಕುತ್ತ ಬಂದರೆ, ಮುರಿದ ಠೇವಣಿ ನಾಲ್ಕೇ ತಿಂಗಳಲ್ಲಿ ಮತ್ತೆ ತುಂಬುತ್ತದೆ. ವರ್ಷದಲ್ಲಿ ಅದೇ ಹಣ ಒಂದು ಲಕ್ಷ ದಾಟುತ್ತದೆ. ಮುಂದಿನ ಆಸ್ಪತ್ರೆ ಖರ್ಚಿಗೆ, ಮುಂದಿನ ಮನೆ ಮುಂಗಡಕ್ಕೆ ಕಾರ್ಡು ಹುಡುಕಬೇಕಾಗುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದರು. ಹಾಸಿಗೆ ಎಷ್ಟಿದೆಯೆಂದು ಮೊದಲು ಅಳೆಯಬೇಕು ಎಂಬುದೂ ಆ ಮಾತಿನಲ್ಲೇ ಇದೆ.